ತೊಟ್ಟಿ ಮಗುಚಿದರೆ ಬಿಲ್ ಆಗಲ್ಲ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಕಾರಂಜಿ ಇದೆ. ಇದೆ ಅಂದರೆ, ಕಟ್ಟಿ ಮುಗಿದಿದೆ. ನೀಲಿ ಟೈಲ್ಸ್, ನಡುವೆ ಸಿಮೆಂಟಿನ ಕೊಕ್ಕರೆ, ಪಕ್ಕದಲ್ಲಿ ಹಳದಿ ಬಟ್ಟೆ ಹೊದಿಸಿದ ಗ್ರಾನೈಟ್ ಕಲ್ಲು. ಟ್ರಯಲ್ ನೋಡಲು ಅಂತ ಎರಡು ತಿಂಗಳ ಹಿಂದೆ ನೀರು ತುಂಬಿಸಿದರು. ಕೊಕ್ಕರೆ ಬಾಯಿಂದ ಎರಡು ನಿಮಿಷ ನೀರು ಚಿಮ್ಮಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೋಟಾರು ಆಫ್ ಆಯಿತು. ಉದ್ಘಾಟನೆಗೆ ಬರಬೇಕಾದ ದೊಡ್ಡವರ ಡೇಟು ಇನ್ನೂ ಸಿಕ್ಕಿಲ್ಲ.

ಚಪ್ಪಾಳೆ ಮಾತ್ರ ಅವತ್ತಿನಿಂದ ನಿಂತಿಲ್ಲ. ಸಂಜೆ ಆರಕ್ಕೆ ಬಂದು ನೋಡಿ. ಕಲ್ಲುಬೆಂಚಿನ ಹಿರಿಯರು, ಜಾರುಬಂಡೆಯ ಮಕ್ಕಳು, ಗೇಟಿನ ವಾಚ್‌ಮನ್, ಎಲ್ಲರದ್ದೂ ಒಂದೇ ಕೆಲಸ, ಸೊಳ್ಳೆ ಹೊಡೆಯುವುದು. ನಗೆಕೂಟದವರು ಚಪ್ಪಾಳೆ ಉಳಿಸಿಕೊಂಡು ನಗು ಬಿಟ್ಟಿದ್ದಾರೆ. ಯೋಗದ ಮೇಷ್ಟ್ರು ಶವಾಸನ ಕೈಬಿಟ್ಟಿದ್ದಾರೆ. ಅಲ್ಲಾಡದೆ ಮಲಗಿದರೆ ಆಸನದ ಹೆಸರು ನಿಜವಾದೀತು ಅನ್ನುವ ಭಯ.

ದೂರು ಕೊಟ್ಟೆ. ಯಾರೂ ಸ್ಪಂದಿಸಲಿಲ್ಲ ಅಂದರೆ ನಾಲಿಗೆಗೆ ಹುಳ ಬಿದ್ದೀತು. ಮೂರನೇ ದಿನವೇ ಫಾಗಿಂಗ್‌ನವರು ಬಂದರು. ಹೆಗಲಲ್ಲಿ ಯಂತ್ರ, ಬೀದಿಗೆಲ್ಲ ಕೇಳುವ ಸದ್ದು, ಮೂಗಿಗೆ ಡೀಸೆಲ್ ವಾಸನೆ. ಮಕ್ಕಳು ಹೊಗೆಯ ಹಿಂದೆ ಕುಣಿಯುತ್ತಾ ಓಡಿದರು. ಮನೆಮನೆಯವರೂ ದಡಬಡ ಕಿಟಕಿ ಮುಚ್ಚಿದರು. ಹೀಗಾಗಿ ಮನೆಯೊಳಗಿದ್ದ ಸೊಳ್ಳೆಗಳಿಗೆ ಒಂದು ಕೂದಲೂ ಕೊಂಕಲಿಲ್ಲ. ಒಬ್ಬ ಹುಡುಗ ಮೊಬೈಲಿನಲ್ಲಿ ಫೋಟೊ ತೆಗೆದ. ಫೋಟೊದಲ್ಲಿ ಹೊಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೆಲಸ ಆಗಿದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಆ ಹೊಗೆ ತಾಗಿದರೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ. ನೀರಿನೊಳಗೆ ತಲೆಕೆಳಗಾಗಿ ತೂಗಾಡುವ ಮರಿಗಳಿಗೆ ಅದು ಗೊತ್ತೇ ಆಗುವುದಿಲ್ಲ. ಮೊಟ್ಟೆಯಿಂದ ರೆಕ್ಕೆಯ ತನಕ ಅವಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ. ಅಂದರೆ ಹೊಗೆಯ ವಾಸನೆ ಹೋಗುವಷ್ಟರಲ್ಲಿ ಹೊಸ ಬ್ಯಾಚು ರೆಡಿ.

ಯಂತ್ರ ಹೊತ್ತವನನ್ನು ಕೇಳಿದೆ. “ಅಲ್ಲಪ್ಪ, ಆ ಕಾರಂಜಿ ನೀರು ಖಾಲಿ ಮಾಡಿದ್ರೆ ಮುಗೀತಲ್ಲ?”

ಅವನು ನನ್ನನ್ನು ಪಾಪ ಅನ್ನುವಂತೆ ನೋಡಿದ. “ಅದು ಇಂಜಿನಿಯರಿಂಗ್ ಸೆಕ್ಷನ್ ಸಾರ್. ನಾವು ಹೆಲ್ತು. ನೀರಲ್ಲಿರೋ ತನಕ ಅವು ಅವರದ್ದು. ರೆಕ್ಕೆ ಬಂದ್ಮೇಲೆ ನಮ್ಮದು.”

ಇಷ್ಟು ಸ್ಪಷ್ಟವಾದ ಕಾರ್ಯ ಹಂಚಿಕೆಯನ್ನು ನಾನು ಅವಿಭಕ್ತ ಕುಟುಂಬದಲ್ಲೂ ಕಂಡಿಲ್ಲ.

ಅದೇ ವಾರ ಎದುರುಮನೆ ಸಾವಿತ್ರಮ್ಮನವರಿಗೆ ದಂಡ ಬಿತ್ತು. ಜಗಲಿ ಮೇಲೆ ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟಿದ್ದರು. ತಪಾಸಣೆಗೆ ಬಂದವರು ಟಾರ್ಚ್ ಬಿಟ್ಟು ನೋಡಿದರು. ಒಳಗೆ ನಾಲ್ಕು ಮರಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ ನಿಯಮ ತಂದಿದೆ. ಪಟ್ಟಣದ ಮನೆಯಲ್ಲಿ ಸೊಳ್ಳೆ ಹುಟ್ಟಿದರೆ 400 ರೂಪಾಯಿ, ಹಳ್ಳಿ ಮನೆಯಾದರೆ 200. ಪಟ್ಟಣದ ಅಂಗಡಿ, ಆಫೀಸಿಗೆ 1,000. ಅಲ್ಲಿನ ಕಟ್ಟಡ ಕೆಲಸದ ಜಾಗ, ಖಾಲಿ ಸೈಟಿಗೆ 2,000. ನಿಯಮದಲ್ಲಿ ತಪ್ಪು ಹುಡುಕಲಾರೆ. ಡೆಂಗಿ ತರುವ ಈಡಿಸ್ ಸೊಳ್ಳೆ ಚರಂಡಿಗಿಂತ ಒಳ್ಳೆಯ ನೀರನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಅದಕ್ಕೆ ಬಾಟಲಿ ಏನು, ತೆಂಗಿನ ಚಿಪ್ಪೂ ಸಾಕು. ಸಾಲದ್ದಕ್ಕೆ ಹಗಲು ಹೊತ್ತಲ್ಲೇ ಕಚ್ಚುತ್ತದೆ.

ಸಾವಿತ್ರಮ್ಮ ದುಡ್ಡು ಎಣಿಸಿ ಕೊಟ್ಟರು. ರಸೀದಿ ಮಡಚಿಕೊಳ್ಳುತ್ತಾ ಪಾರ್ಕಿನ ಕಡೆ ಕೈ ತೋರಿಸಿದರು. “ಏನಪ್ಪಾ, ನಾಲ್ಕು ಮರಿಗೆ ನಾನೂರು. ಆ ಕೊಕ್ಕರೆಗೆ ಎಷ್ಟು ಹಾಕ್ತೀರಿ?”

“ಅದಿನ್ನೂ ಹ್ಯಾಂಡೋವರ್ ಆಗಿಲ್ಲ ಅಮ್ಮ. ಯಾರ ಹೆಸರಿಗೆ ಬರೀಲಿ?”

ಅಧಿಕಾರಿಗಳ ಈ ರೋಗ ಹಳೆಯದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಡಾಕ್ಟರು ಬೆಂಗಳೂರಿನ ದಂಡಿನಲ್ಲಿದ್ದರು. ಬಂಗಲೆ ತುಂಬಾ ಸೊಳ್ಳೆ. ಹುಡುಕಿದಾಗ ಕಿಟಕಿಯ ಹೊರಗೇ ಒಂದು ತೊಟ್ಟಿಯಲ್ಲಿ ಮರಿಗಳು ಸಿಕ್ಕವು. ಅವರು ತೊಟ್ಟಿ ಮಗುಚಿದರು. ಸೊಳ್ಳೆ ಹೋಯಿತು. ಅಷ್ಟೇ. ಖುಷಿಯಿಂದ ಹೋಗಿ ಅಲ್ಲಿನ ಅಧಿಕಾರಿಗೆ ಹೇಳಿದರು: ಮೆಸ್ಸಿನ ತೋಟದ ತೊಟ್ಟಿ, ಊಟದ ಮೇಜಿನ ಕೆಳಗಿನ ಡಬ್ಬಿ, ಹೂದಾನಿಗಳಲ್ಲೂ ಇವೆ, ಅವನ್ನೂ ಚೆಲ್ಲಿಸೋಣ. ಅಧಿಕಾರಿ ಮೂಗು ಮುರಿದು ಬೇಡ ಅಂದರು. ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಅನ್ನುವುದು ಅವರ ವಾದ. ರಾಸ್ ಅವರೇ ತಮ್ಮ ನೆನಪುಗಳಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಮುಂದೆ 1897ರಲ್ಲಿ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕ್ರಿಮಿ ಕಂಡುಹಿಡಿದರು. 1902ರಲ್ಲಿ ನೊಬೆಲ್ ಬಂತು. ಆ ಅಧಿಕಾರಿಗೆ ಏನು ಬಂತೋ ಗೊತ್ತಿಲ್ಲ. ಪ್ರಮೋಷನ್ ಬಂದಿರಬೇಕು. ಆಮೇಲೆ ಅವರು ರಿಟೈರ್ ಆದ ಲಕ್ಷಣವಂತೂ ಕಾಣುತ್ತಿಲ್ಲ.

ಅಂದಹಾಗೆ ನಮ್ಮ ಪಾರ್ಕಿನ ಗೇಟಿಗೆ ಹೊಸ ಬೋರ್ಡು ಬಂದಿದೆ. ‘ಸೊಳ್ಳೆ ಕಚ್ಚದಂತೆ ಎಚ್ಚರ ವಹಿಸಿ.’ ಸೊಳ್ಳೆಗೆ ಹೇಳುವುದಕ್ಕಿಂತ ನಮಗೆ ಹೇಳುವುದು ಸುಲಭ, ಅಲ್ವಾ? ನಾವೂ ವಹಿಸಿದ್ದೇವೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೊಬೈಲಿಗೆ ಸೊಳ್ಳೆ ಓಡಿಸುವ ಆ್ಯಪ್ ಹಾಕಿಸಿಕೊಂಡಿದ್ದಾರೆ. ನಮಗೆ ಕೇಳಿಸದ ಶಬ್ದ ಮಾಡುತ್ತದಂತೆ. ಸೊಳ್ಳೆಗೂ ಕೇಳಿಸುತ್ತಿಲ್ಲವೋ ಏನೋ, ಮೊನ್ನೆ ಅದೇ ಮೊಬೈಲಿನ ಮೇಲೆ ಕೂತಿತ್ತು. ಇನ್ನೊಬ್ಬರು ಕೈಗೆ ವಾಸನೆಯ ಪಟ್ಟಿ ಕಟ್ಟಿದ್ದಾರೆ. ಸೊಳ್ಳೆ ಪಟ್ಟಿಯನ್ನು ಬಿಟ್ಟು ಮೊಣಕೈಗೆ ಬರುತ್ತದೆ. ನಿಜಕ್ಕೂ ಕೆಲಸ ಮಾಡುವುದು ತುಂಬುತೋಳಿನ ತೆಳುಬಣ್ಣದ ಬಟ್ಟೆ, ಕಾಲುಚೀಲ, ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಕ್ರೀಮು. ಅದೂ ತೆರೆದ ಚರ್ಮಕ್ಕೆಲ್ಲ ಸರಿಯಾಗಿ ಸವರಿದರೆ. ಒಂದು ಬೊಟ್ಟು ಹಣೆಗಿಟ್ಟುಕೊಂಡರೆ ಅದು ಕುಂಕುಮ ಅಲ್ಲ, ಕಾಪಾಡುವುದಿಲ್ಲ.

ಕಚ್ಚಿಸಿಕೊಂಡ ಮೇಲಿನ ವೈದ್ಯವೂ ಬೆಂಚಿನ ಮೇಲೇ ನಡೆಯುತ್ತದೆ. ಸುಣ್ಣ ಹಚ್ಚಿ ಅನ್ನುವವರು, ಟೂತ್‌ಪೇಸ್ಟ್ ಅನ್ನುವವರು. ಗಂದೆಯ ಮೇಲೆ ಉಗುರಿನಿಂದ ಗುಣಾಕಾರದ ಚಿಹ್ನೆ ಒತ್ತುವ ಪಂಥವೊಂದಿದೆ. ಅದಕ್ಕೆ ನಾನೂ ಸೇರಿದವನೇ. ಕಚ್ಚುವುದು ಹೆಣ್ಣು ಸೊಳ್ಳೆ. ಅದರ ಎಂಜಲು ಒಳಗೆ ಹೋದದ್ದಕ್ಕೆ ನಮ್ಮ ಮೈ ಮಾಡುವ ರಂಪವೇ ತುರಿಕೆ. ಕೆರೆದಷ್ಟೂ ರಂಪ ಜಾಸ್ತಿ, ಉಗುರಿನ ಕೊಳೆ ಸೇರಿದರೆ ಕೀವು. ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟು, ಕ್ಯಾಲಮೈನ್ ಲೋಷನ್ ಹಚ್ಚಿದರೆ ಎಷ್ಟೋ ಹಾಯ್ ಅನಿಸುತ್ತದೆ. ನನ್ನ ಹೆಂಡತಿ ಇದನ್ನು ಮೊದಲ ದಿನವೇ ಹೇಳಿದ್ದಳು. ನಾನು ಪರಪರ ಕೆರೆಯುತ್ತಾ ಕೇಳಿಸಿಕೊಂಡಿದ್ದೆ.

ಕೊನೆಗೆ ಒಂದು ರಾತ್ರಿ ನಾವು ಐದಾರು ಜನ ಬಕೆಟ್ ಹಿಡಿದು ಹೋದೆವು. ವಾಚ್‌ಮನ್ ಬೇಕಂತಲೇ ಟೀ ಕುಡಿಯಲು ಹೋಗಿದ್ದ. ಸಾವಿತ್ರಮ್ಮ ಟಾರ್ಚ್ ಹಿಡಿದರು. ಮುಕ್ಕಾಲು ಗಂಟೆಯಲ್ಲಿ ಕೊಕ್ಕರೆ ಒಣಗಿದ ನೆಲದ ಮೇಲೆ ನಿಂತಿತ್ತು. ಎರಡನೇ ವಾರಕ್ಕೆ ಪಾರ್ಕಿನಲ್ಲಿ ಚಪ್ಪಾಳೆ ಕಡಿಮೆಯಾಯಿತು. ನಗೆಕೂಟದಲ್ಲಿ ಒಬ್ಬರು ನಕ್ಕರು.

ಮೂರನೇ ವಾರ ಬೆಳಿಗ್ಗೆ ವಾಕಿಂಗ್ ಹೋದರೆ ಗೇಟಿನ ಹತ್ತಿರ ಟ್ಯಾಂಕರ್ ನಿಂತಿದೆ. ಪೈಪು ಸೀದಾ ಕಾರಂಜಿಗೆ.

“ಇದೇನ್ರೀ, ಉದ್ಘಾಟನೆ ಡೇಟ್ ಸಿಕ್ತಾ?”

“ಇಲ್ಲ ಸಾರ್. ಯಾರೋ ನೀರು ಕದ್ದಿದ್ದಾರೆ. ಖಾಲಿ ಇದ್ರೆ ಆಡಿಟ್‌ನೋರು ಕೇಳ್ತಾರೆ.” ಪೈಪು ಸರಿಮಾಡುತ್ತಾ ಗುತ್ತಿಗೆದಾರನ ಕಡೆಯವನು ದನಿ ತಗ್ಗಿಸಿದ. “ಖಾಲಿ ಮಾಡೋದಕ್ಕೆ ಬಿಲ್ ಆಗಲ್ಲ. ತುಂಬ್ಸೋದಕ್ಕೆ ಆಗುತ್ತೆ.”

ಹೇಳುತ್ತಾ ತನ್ನ ಕತ್ತಿನ ಹಿಂಭಾಗಕ್ಕೆ ಫಟ್ಟನೆ ಒಂದು ಏಟು ಕೊಟ್ಟುಕೊಂಡ.