ಬಸವರಾಜ ಪೀಠದಲ್ಲಿ, ಬಸವ್ವ ಪಾಳಿಯಲ್ಲಿ

ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಮನೆಮಂದಿ ಒಂದೇ ಒಂದು ವಿಷಯದಲ್ಲಿ ತಕರಾರಿಲ್ಲದೆ ಒಪ್ಪುತ್ತಾರೆ: 'ಏನರ ಇಡ್ರಿ, ಬಸವ್ವ ಒಂದ್ ಬ್ಯಾಡ.' ಒಂದು ಕಾಲಕ್ಕೆ ಓಣಿಯಲ್ಲಿ ನಿಂತು 'ಬಸವ್ವಾ' ಎಂದು ಕೂಗಿದರೆ ನಾಲ್ಕು ಮನೆಗಳಿಂದ 'ಯಾಕ?' ಅನ್ನುವ ದನಿ ಬರುತ್ತಿತ್ತು. ಅದಕ್ಕೇ ದೊಡ್ಡ ಬಸವ್ವ, ಸಣ್ಣ ಬಸವ್ವ, ಕೆಳಗಿನ ಓಣಿ ಬಸವ್ವ, ಲಕ್ಕುಂಡಿ ಬಸವ್ವ ಎಂದು ಬೇರೆ ಮಾಡಬೇಕಾಯಿತು. ಲಕ್ಕುಂಡಿ ಬಸವ್ವ ಅಂದರೆ ಲಕ್ಕುಂಡಿಯಲ್ಲಿ ಇರುವವಳಲ್ಲ, ಅಲ್ಲಿಂದ ಬಂದ ಸೊಸೆ. ಬಸವಣ್ಣನ ಹೆಸರು ಬಸವ್ವನಿಗೆ, ಮಡದಿಯರಾದ ನೀಲಾಂಬಿಕೆ, ಗಂಗಾಂಬಿಕೆಯರ ಹೆಸರು ನೀಲವ್ವ, ಗಂಗವ್ವರಿಗೆ, ಅಕ್ಕನಾಗಮ್ಮನದು ನಾಗವ್ವನಿಗೆ. ಕಲ್ಯಾಣದ ಮನೆತನವೇ ನಮ್ಮ ಓಣಿಗಳಲ್ಲಿ ಕೂತು ರೊಟ್ಟಿ ಬಡಿಯುತ್ತಿತ್ತು.

ಈ ಹೆಸರಿನ ಬಗ್ಗೆ ಈಗ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ಇಲ್ಲದವರು ಬಸವ್ವರು ಮಾತ್ರ, ಅವರನ್ನು ಯಾರೂ ಕೇಳಿಲ್ಲ. ಬೆಂಗಳೂರಿನಲ್ಲಿ ನೌಕರಿಗಿರುವ ಕಾಕಾ, 'ಭಾಳ ಹಳೇದಾತ್ ಬಿಡ್ರಿ' ಅನ್ನುತ್ತಾನೆ. ಕಾಕಾನ ಹೆಸರು ಬಸವರಾಜ. ಸೋದರತ್ತಿಗೆ ಸಾಲಿಯದೇ ಚಿಂತೆ: 'ಹುಡುಗೂರು ಬಸ್ಸು ಬಸ್ಸು ಅಂತ ಕಾಡ್ತಾವು.' ಸಂಖ್ಯಾಶಾಸ್ತ್ರಿಯದು ಲೆಕ್ಕದ ಮಾತು. ಇಂಗ್ಲಿಷ್ ಅಕ್ಷರಗಳಿಗೆ ಅಂಕಿ ಹಚ್ಚುತ್ತಾನೆ: ಬಿ ಎರಡು, ಎ ಒಂದು, ಎಸ್ ಮೂರು, ವಿ ಆರು. ಬಸವ್ವನನ್ನು ಕೂಡಿದರೆ 20, ಅಂದರೆ ಎರಡು. ಎರಡು ಚಂದ್ರನ ಸಂಖ್ಯೆ, ಮನಸ್ಸು ಚಂಚಲ. ಬರಗಾಲದಲ್ಲೂ ಎತ್ತು ಮಾರದೆ, ಹತ್ತು ಮಂದಿಯ ಮನೆ ನಡೆಸಿದ ಅಜ್ಜಿಗೆ ಚಂಚಲ ಮನಸ್ಸಂತೆ!

ಬಸವರಾಜನಿಗೆ ಇದ್ಯಾವ ಕಾಟವೂ ಇಲ್ಲ. ಶಿಗ್ಗಾಂವಿಯ ಶಾಸಕ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದಾಗ ಹೆಸರು ಹಳೆಯದಾಯಿತೆಂದು ಯಾರೂ ಗೊಣಗಲಿಲ್ಲ. ಬಸವರಾಜ ಹೊರಟ್ಟಿ ವಿಧಾನ ಪರಿಷತ್ತಿನ ಸಭಾಪತಿ ಪೀಠದಲ್ಲಿ ಕೂತರು. ಧಾರವಾಡದ ಬಸವರಾಜ ರಾಜಗುರು ಹಾಡಿದರೆ ಜನ ಮೈಮರೆತು ಕೇಳಿದರು. 'ರಾಜ' ಸೇರಿದ ಬಸವನಿಗೆ ಗೌರವ, 'ಅವ್ವ' ಸೇರಿದ ಬಸವನಿಗೆ ನಾಚಿಕೆ. ಆದರೂ ರೊಟ್ಟಿ, ಶೇಂಗಾ ಚಟ್ನಿ ಪಾಕೀಟು ಮಾರುವಾಗ ಮಾತ್ರ ಅದೇ 'ಅವ್ವ' ಬೇಕು. ಪಾಕೀಟಿನ ಮೇಲೆ ಇಳಕಲ್ ಸೀರೆಯ ಅಜ್ಜಿಯ ಚಿತ್ರವೂ ಬೇಕು.

2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸರ್ಕಾರಿ ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ಚಿತ್ರದ ಕೆಳಗೆ ಕಂಪ್ಯೂಟರು, ಕಂಪ್ಯೂಟರಿನ ಮುಂದೆ ಪಾಳಿ, ಪಾಳಿಯಲ್ಲಿ ಎಪ್ಪತ್ತು ದಾಟಿದ ಬಸವ್ವ. 'ಯಮ್ಮಾ, ನಿನ್ನ ಹೆಸರು ಮ್ಯಾಚ್ ಆಗವಲ್ದು.'

ಆಗದಿರುವುದಕ್ಕೆ ಕಾರಣ ಇದೆ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಆಕೆ 'ಬಸವ್ವ ಕೋಂ ಶಿವಪ್ಪ', ಶಿವಪ್ಪನ ಹೆಂಡತಿ ಬಸವ್ವ. ರೇಶನ್ ಕಾರ್ಡಿನಲ್ಲಿ ಬಸಮ್ಮ, ಏಕೆಂದರೆ ಬರೆದುಕೊಂಡವನಿಗೆ 'ಅವ್ವ' ಹಳ್ಳಿಯ ಮಾತೆನಿಸಿತು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡು 'ವಿ' ಇದ್ದಲ್ಲಿ ಎರಡು 'ಡಬ್ಲ್ಯೂ'. (ಡಬ್ಲ್ಯೂಗೂ ಸಂಖ್ಯಾಶಾಸ್ತ್ರಿ ಆರನ್ನೇ ಕೊಡುತ್ತಾನೆ, ಗ್ರಹಗಳಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ.) ಆಧಾರ್ ಮಾಡಿಸುವಾಗ ಒಂದು 'ವಿ' ಬಿಟ್ಟು ಹೋದರೆ ಆಕೆ ಬರೀ ಬಸವ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ರೇಶನ್ ಕಾರ್ಡಿನ ಯಜಮಾನಿಗೆ, ಅದೂ ಆಧಾರ್ ಜೋಡಿಸಿದ ಖಾತೆಗೆ. ಹೀಗಾಗಿ ಕಾರ್ಡಿನ ಬಸಮ್ಮ, ಆಧಾರಿನ ಬಸವ, ಪಾಸ್‌ಬುಕ್ಕಿನ ಬಸವ್ವ ಮೂವರೂ ಒಬ್ಬಳೇ ಎಂದು ಸಾಬೀತಾಗಬೇಕು. ಅನುಭವ ಮಂಟಪದಲ್ಲಿ ಚರ್ಚೆಯಾಗಬೇಕಾದ ಈ ಏಕತ್ವವನ್ನು ನೋಟರಿ ಸ್ಟಾಂಪ್ ಪೇಪರಿನ ಮೇಲೆ ಶಿಕ್ಕಾ ಒತ್ತಿ ಐದು ನಿಮಿಷದಲ್ಲಿ ಮುಗಿಸುತ್ತಾನೆ.

ತಿದ್ದುಪಡಿಗೆ ಹೊರಟವರು ಮೊದಲು ಓಡುವುದು ಆಧಾರ್ ಕೇಂದ್ರಕ್ಕೆ. ಎಡವುವುದೂ ಅಲ್ಲೇ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಒಮ್ಮೆ ಬಿಟ್ಟುಹೋದ 'ವಿ' ಸೇರಿಸಿದರು, ಇನ್ನೊಮ್ಮೆ ಗಂಡನ ಹೆಸರು ಸೇರಿಸಿದರು, ಅಡ್ಡಹೆಸರಿನ ಪಾಳಿ ಬರುವಷ್ಟರಲ್ಲಿ ಕೋಟಾ ಖಲಾಸ್. ಆದ್ದರಿಂದ ಇದ್ದಬದ್ದ ಕಾಗದವನ್ನೆಲ್ಲ ಮೊದಲು ಕಟ್ಟೆಯ ಮೇಲೆ ಹರವಿ, ಯಾವ ರೂಪ ಹೆಚ್ಚು ಕಡೆ ಇದೆ ನೋಡಬೇಕು. ಆಧಾರಿನಲ್ಲಿ ಇರುವುದು ನಡೆಯುವಂತಿದ್ದರೆ ಅದನ್ನು ಮುಟ್ಟದೆ ಉಳಿದವನ್ನು ಅದಕ್ಕೆ ಹೊಂದಿಸುವುದು ಲೇಸು. ತಿದ್ದಲೇಬೇಕಾದರೆ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಲ್ಲ ಒಂದೇ ಸಲಕ್ಕೆ. ಕೊಟ್ಟ ಚೀಟಿಯಲ್ಲಿ ಕನ್ನಡದ ಸಾಲು, ಇಂಗ್ಲಿಷಿನ ಸಾಲು ಎರಡನ್ನೂ ಕುರ್ಚಿ ಬಿಟ್ಟು ಏಳುವ ಮೊದಲೇ ಓದಬೇಕು. ಕನ್ನಡದ ಸಾಲು ಸರಿ ಇದ್ದು ಇಂಗ್ಲಿಷಿನದು ಕೆಟ್ಟಿದ್ದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ದುಡ್ಡು ನಿಂತಾಗಲೇ ಗೊತ್ತಾಗುವುದು.

ಈ ರಾಮಾಯಣ ಕಂಡೇ ಹೊಸ ತಲೆಮಾರು ಬಸವ್ವನನ್ನು ಬಿಟ್ಟಿತು ಎಂದುಕೊಂಡರೆ ತಪ್ಪು. ಆಯ್ಕೆಯಾದ ಹೆಸರು ಸಾನ್ವಿ. ಅಜ್ಜಿಯ ಸಮಾಧಾನಕ್ಕೆ ತೊಟ್ಟಿಲ ದಿನ ಸೋದರತ್ತಿ ಮಗುವಿನ ಕಿವಿಯಲ್ಲಿ 'ಬಸವ್ವ' ಎಂದು ಪಿಸುಗುಟ್ಟುತ್ತಾಳೆ, ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ, ಗುಗ್ಗರಿ ಹಂಚುತ್ತಾರೆ. ಬಸವ್ವನ ಆಯುಷ್ಯ ಅಲ್ಲಿಗೆ ಮುಗಿಯಿತು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರಿನ ಜಾಗ ಖಾಲಿ ಬಿಟ್ಟರೆ ವರ್ಷದೊಳಗೆ ಪುಕ್ಕಟೆ, ಆಮೇಲೆ 15 ವರ್ಷದ ತನಕ ಶುಲ್ಕ ಕಟ್ಟಿ ತುಂಬಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಸಾಲಿಯಿಂದ ಪಾಸ್‌ಪೋರ್ಟಿನ ತನಕ ಇದೇ ಪ್ರಮಾಣಪತ್ರ ಆಧಾರ. ಅಂದಮೇಲೆ ವಿಚಾರ ಮಾಡಿ ಬರೆಸಲು ಒಂದು ವರ್ಷ ಸಮಯ ಇದೆ. ಆದರೆ ವಿಚಾರ ಮಾಡುವವನು ಸಂಖ್ಯಾಶಾಸ್ತ್ರಿ. ಒಂದು 'ಎ' ಹಾಕಿದ ಸಾನ್ವಿ ಕೂಡಿದರೆ 16, ಅಂದರೆ ಏಳು. ಸಂಸಾರ ಸುಖ ಕಡಿಮೆಯಂತೆ. ಎರಡು 'ಎ' ಹಾಕಿದರೆ 17, ಅಂದರೆ ಎಂಟು, ಶನಿ. ಮೂರು 'ಎ' ಹಾಕಿದರೆ 18, ಒಂಬತ್ತು, ಉತ್ತಮ. ಅಷ್ಟರಲ್ಲಿ ಅವಸರದ ಅಪ್ಪ ಜನನ ಪ್ರಮಾಣಪತ್ರದಲ್ಲಿ ಒಂದು 'ಎ', ಕೂಸಿನ ಆಧಾರಿನಲ್ಲಿ ಎರಡು 'ಎ' ಬರೆಸಿ ಬಂದಿರುತ್ತಾನೆ. ಮೂರನೆಯದನ್ನು ಸೇರಿಸಲು ಬಸವರಾಜ ಕಾಕಾ ಚೀಟಿ ಹಿಡಿದು ಪಾಳಿ ಹಚ್ಚಿದ್ದಾನೆ. ಜೀವಮಾನದ ಎರಡು ಅವಕಾಶಗಳಲ್ಲಿ ಒಂದು, ಕೂಸು ಅಂಬೆಗಾಲಿಡುವ ಮೊದಲೇ ಖರ್ಚು.