ಬಸ್ಸಿನಲ್ಲಿದ್ದೆ

ಎರಡು ತಿಂಗಳಿಂದ ಬಸ್ ಹತ್ತಿದ ಕೂಡಲೇ ಮೊಬೈಲನ್ನು ಸ್ವಿಚ್ ಆಫ್ ಮಾಡಿ ಚೀಲದ ತಳಕ್ಕೆ, ಊಟದ ಡಬ್ಬಿಯ ಕೆಳಗೆ ತಳ್ಳುತ್ತಿದ್ದೇನೆ. ಜೇಬಿನಲ್ಲಿಟ್ಟರೆ ಆಗುವುದಿಲ್ಲ, ಜೇಬು ಕೈಗೆ ತೀರಾ ಹತ್ತಿರದ ನೆಂಟ. ಹೋಗಲು ಐವತ್ತು ನಿಮಿಷ, ಬರಲು ಐವತ್ತು. ಇದನ್ನು ಸಾಧನೆ ಎನ್ನಲು ನಾಚಿಕೆಯಾಗುತ್ತದೆ. ಒಂದು ಕಾಲಕ್ಕೆ ಎಲ್ಲರೂ ಹೀಗೆಯೇ ಓಡಾಡುತ್ತಿದ್ದರು, ಯಾರೂ ಹೇಳಿಕೊಂಡು ತಿರುಗಲಿಲ್ಲ. ಇದನ್ನು ಫೇಸ್‌ಬುಕ್ಕಿನಲ್ಲೇ ಬರೆಯುತ್ತಿರುವುದರ ತಮಾಷೆ ನನಗೂ ಗೊತ್ತು. ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬುದಷ್ಟೇ ನನ್ನ ಸಮಜಾಯಿಷಿ.

ಇದು ಹುಟ್ಟಿದ್ದು ಸಿಟ್ಟಿನಿಂದ. ಒಂದು ಬೆಳಿಗ್ಗೆ ಸೀಟಿನಲ್ಲಿ ಕುಳಿತೇ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹನ್ನೊಂದು ಉತ್ತರ ಕೊಟ್ಟು, ಒಂದು ಪತ್ರವನ್ನೂ ತಿದ್ದಿ ಕಳುಹಿಸಿದೆ. ಇಳಿಯುವ ಹೊತ್ತಿಗೆ ಹೊಟ್ಟೆ ತೊಳಸುತ್ತಿತ್ತು. ಕಣ್ಣು ಅಲುಗದ ಪರದೆಯನ್ನು ನೋಡುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ‘ನಾವು ಚಲಿಸುತ್ತಿದ್ದೇವೆ’ ಎನ್ನುತ್ತದೆ. ಇವೆರಡರ ಜಗಳದಲ್ಲಿ ಪೆಟ್ಟು ಹೊಟ್ಟೆಗೆ. ಕಚೇರಿಯ ಮೆಟ್ಟಿಲು ಹತ್ತುವಾಗಲೇ ಅರ್ಧ ದಿನ ದುಡಿದವನ ಸುಸ್ತು. ಆಗ ಹೊಳೆಯಿತು: ಆ ಐವತ್ತು ನಿಮಿಷ ಮನೆಯದೂ ಅಲ್ಲ, ಕಚೇರಿಯದೂ ಅಲ್ಲ. ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಹೊತ್ತು ದಿನದಲ್ಲಿ ಅದೊಂದೇ. ಯಾರೂ ಬಾಯಿಬಿಟ್ಟು ಕೇಳದಿದ್ದರೂ ಅದನ್ನು ನಾನೇ ಧಾರೆ ಎರೆದಿದ್ದೆ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಬಿಡುವಿನ ವೇಳೆಯಲ್ಲಿ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ಬಸ್ಸಿನ ಸೀಟಿಗೆ ಅಷ್ಟೆಲ್ಲ ಬೇಡ, ಅಲ್ಲಿ ನಾನೇ ಸರ್ಕಾರ.

ಮೊದಲ ವಾರ ಮಾತ್ರ ಸರ್ಕಾರ ಬೀಳುವುದರಲ್ಲಿತ್ತು. ತೊಡೆಯ ಮೇಲೆ ಮೊಬೈಲ್ ಕಂಪಿಸಿದಂತಾಗುತ್ತದೆ, ಮುಟ್ಟಿದರೆ ಬರೀ ಪ್ಯಾಂಟು. ಪ್ರತಿ ನಿಲ್ದಾಣದಲ್ಲೂ ಕೈ ತಾನಾಗಿಯೇ ಚೀಲದ ಜಿಪ್ಪಿನ ಕಡೆಗೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಜನರನ್ನು ಹದಿನೈದು ನಿಮಿಷ ಸುಮ್ಮನೆ ಕೂರಿಸಿದ್ದರು. ಬೇಕಿದ್ದರೆ ಒತ್ತಲು ಒಂದು ಗುಂಡಿ, ಒತ್ತಿದರೆ ವಿದ್ಯುತ್ ಆಘಾತ. ದುಡ್ಡು ಕೊಟ್ಟಾದರೂ ಆ ಆಘಾತವನ್ನು ತಪ್ಪಿಸಿಕೊಳ್ಳುತ್ತೇವೆ ಎಂದಿದ್ದವರಲ್ಲೇ, 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡರು. ಹಿಂದೆ ಓದಿದಾಗ ನಕ್ಕಿದ್ದೆ. ಈಗ ಆ ಹನ್ನೆರಡು ಮಂದಿಯ ಮೇಲೆ ಪ್ರೀತಿ ಬಂದಿದೆ.

ತಪ್ಪೆಲ್ಲ ನಮ್ಮ ಚಪಲದ್ದೇ ಎಂದೂ ನಾನು ಒಪ್ಪುವುದಿಲ್ಲ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಪತ್ರಿಕೆಯಲ್ಲಿ ಪುಟ ಮುಗಿಯುತ್ತದೆ. ಪರದೆಯಲ್ಲಿ ಮುಗಿಯುವುದೇ ಇಲ್ಲ. ಈ ತಳವಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು.

ಹಾಗಾದರೆ ಮೊಬೈಲ್ ಬಿಟ್ಟು ಸಿಕ್ಕಿದ್ದೇನು? ಜ್ಞಾನೋದಯವೇನೂ ಆಗಲಿಲ್ಲ. ಕಿಟಕಿಯಾಚೆ ಕಾಣುವುದು ಹೆಚ್ಚಾಗಿ ಮುಂದಿನ ವಾಹನದ ಹಿಂಭಾಗ. ಆದರೆ ಒಂದು ದಿನ, ಸಹೋದ್ಯೋಗಿಯೊಬ್ಬರೊಡನೆ ಹಿಂದಿನ ವಾರ ಆಡಿದ ಜಗಳ ಸುಮ್ಮನೆ ನೆನಪಾಗಿ, ಎರಡು ನಿಲ್ದಾಣಗಳ ನಡುವೆ, ತಪ್ಪು ನನ್ನದೇ ಎಂದು ಗೊತ್ತಾಯಿತು. ಕೈಯಲ್ಲಿ ಮೊಬೈಲ್ ಇದ್ದಿದ್ದರೆ ಆ ಯೋಚನೆ ಅರ್ಧಕ್ಕೆ ಬಂದಾಗಲೇ ಯಾರದೋ ಮದುವೆಯ ಫೋಟೋಗೆ ಜಾರಿಕೊಂಡಿರುತ್ತಿದ್ದೆ. ಸಂಜೆಯೂ ಅಷ್ಟೇ: ಕಚೇರಿಯ ಬಿಸಿ ದಾರಿಯಲ್ಲೇ ಆರುತ್ತದೆ, ಮನೆಯವರ ಪಾಲಿಗೆ ಕಡಿಮೆ ಉಳಿಯುತ್ತದೆ.

ಮನೆಯಲ್ಲಿ ಕಾಯಿಲೆಯವರಿರುವವರು, ರಾತ್ರಿ ಒಬ್ಬರೇ ಪ್ರಯಾಣಿಸುವ ಹೆಂಗಸರು, ಟಿಕೆಟ್ಟೇ ಮೊಬೈಲಿನಲ್ಲಿರುವವರು ಇದನ್ನು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಅಂಥವರಿಗೂ ಉಪದೇಶ ಮಾಡುವವರನ್ನು ಕಂಡರೆ ನನಗಾಗದು.

ಮೊನ್ನೆ ಮೇಲಧಿಕಾರಿ ಕೇಳಿದರು: “ಬೆಳಿಗ್ಗೆ ಎಷ್ಟು ಸಲ ಫೋನ್ ಮಾಡಿದೆ, ಎಲ್ಲಿದ್ದಿರಿ?”

“ಬಸ್ಸಿನಲ್ಲಿದ್ದೆ ಸಾರ್.”

ಇನ್ನೂ ಏನೋ ಕಾರಣ ಬರುತ್ತದೆಂದು ಅವರು ಕಾದರು. ನಾನು ಕಂಪ್ಯೂಟರ್ ಆನ್ ಮಾಡಿದೆ.