ಐದನೇ ಸಲ ಹೋದಾಗ ಹಂಪಿ ಕಂಡಿತು

ಒಂದು ಮಾತು ಹೇಳ್ತೀನಿ, ಬೈಯುವವರು ಬೈಯಿರಿ. ಹಂಪಿಯನ್ನು ಸರಿಯಾಗಿ ನೋಡದವರ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲಿ ಇರುವವರು ನಾವು, ಕನ್ನಡದವರು. ನಮ್ಮದೇ ಅಲ್ವಾ, ನಮಗೆ ಗೊತ್ತಿಲ್ಲದ್ದು ಏನಿದೆ ಅನ್ನುವ ಧೈರ್ಯ ನಮಗೆ.

ನನ್ನ ಕತೆಯನ್ನೇ ತಗೊಳ್ಳಿ. ಏಳನೇ ಕ್ಲಾಸಿನಲ್ಲಿ ಶಾಲೆಯ ಪ್ರವಾಸ, ಮೇಷ್ಟ್ರು ಸೀಟಿ ಊದಿದ್ದು ಬಿಟ್ಟು ಬೇರೇನೂ ನೆನಪಿಲ್ಲ. ಕಾಲೇಜಿನಲ್ಲಿ ಒಂದು ಸಲ. ಮದುವೆಯಾದ ಮೇಲೆ ಟೆಂಪೋ ಟ್ರಾವೆಲರ್‌ನಲ್ಲಿ ಹದಿಮೂರು ಜನ, ಬುತ್ತಿ ಸಮೇತ. ಆಮೇಲೊಂದು ಸಲ ಉತ್ಸವಕ್ಕೆ, ಆ ಜಂಗುಳಿಯಲ್ಲಿ ಮಗಳನ್ನು ಕಳೆದುಕೊಳ್ಳದೆ ವಾಪಸ್ ಬಂದಿದ್ದೇ ಸಾಧನೆ. ನಾಲ್ಕು ಸಲವೂ ಗಾಡಿ ನಿಲ್ಲಿಸಿದ ಕಡೆ ಇಳಿದೆವು, ಕಲ್ಲಿನ ರಥದ ಮುಂದೆ ನಿಂತೆವು, ಮತ್ತೆ ಗಾಡಿ ಹತ್ತಿದೆವು. "ಎರಡು ಗಂಟೇಲಿ ಮುಗಿಸ್ಬಿಡಿ ಮೇಡಂ" ಅಂದಿದ್ದ ಒಬ್ಬ ಡ್ರೈವರ್. ಮುಗಿಸಿದೆವು ಕೂಡ!

ಈ ಡಿಸೆಂಬರ್‌ನಲ್ಲಿ ನಾನು, ನನ್ನ ತಮ್ಮ ಮತ್ತು ಎಂಟನೇ ಕ್ಲಾಸಿನ ಮಗಳು ಹೋದೆವು. ಕಮಲಾಪುರದಲ್ಲಿ ಉಳಿದುಕೊಂಡೆವು. ಗೈಡ್ ಬೇಕು ಅಂತ ನಾನು, ಗೂಗಲ್ ಇದೆಯಲ್ಲ ಅಕ್ಕಾ ಅಂತ ತಮ್ಮ. ಕೊನೆಗೆ ಗೊತ್ತಿರುವವರ ಕಡೆಯಿಂದ ಒಬ್ಬರು ಸಿಕ್ಕರು. ಐವತ್ತು ದಾಟಿದವರು, ಅಲ್ಲೇ ಹುಟ್ಟಿ ಬೆಳೆದವರು. ಅವರದು ಒಂದೇ ಷರತ್ತು. "ಎರಡು ದಿನ ನಡೀತೀವಿ ಅಂದ್ರ ಬರ್ತೀನ್ರಿ. ಗಾಡ್ಯಾಗ ಕುಂತು ನೋಡೋದಾದ್ರ ನಾ ಯಾಕ್ರೀ, ಡ್ರೈವರ್ ಸಾಕಲ್ಲ."

ಬೆಳಗ್ಗೆ ಆರೂವರೆಗೆ ವಿರೂಪಾಕ್ಷ ದೇವಸ್ಥಾನದ ಎದುರು ಶುರುವಾಯಿತು. ಗೋಪುರದ ತಲೆಕೆಳಗಾದ ನೆರಳು ಬೀಳುವ ಕೋಣೆ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ಅವರು ನಮ್ಮನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ರಂಗಮಂಟಪದ ಮುಂದಿರುವ ಒಂದು ಕಲ್ಲಿನ ಹತ್ತಿರ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊತ್ತಿನಲ್ಲಿ, ಅಂದರೆ 1510ರ ಸುಮಾರಿಗೆ, ಈ ರಂಗಮಂಟಪ ಕಟ್ಟಿಸಿದ್ದು ಅದರಲ್ಲಿದೆ. ದೇವರಿಗೆ ಸಿಂಗೆನಾಯಕನಹಳ್ಳಿ ಅನ್ನುವ ಊರನ್ನು ಬಿಟ್ಟುಕೊಟ್ಟಿದ್ದೂ ಇದೆ. ಸಂಸ್ಕೃತದ ಜೊತೆ ಕನ್ನಡದಲ್ಲೂ ಬರೆದಿದೆ. ನಾಲ್ಕು ಸಲ ನಾನು ಈ ಕಲ್ಲನ್ನು ದಾಟಿಕೊಂಡು ಹೋಗಿದ್ದೇನೆ. ಒಂದು ಸಲ ಅದರ ಪಕ್ಕ ಚಪ್ಪಲಿ ಚೀಲ ಇಟ್ಟು ಕಾದು ನಿಂತಿದ್ದೂ ನೆನಪಿದೆ.

ನಾನು ಕೇಳಿದೆ, ಬೇರೆಯವರಿಗೂ ಇಷ್ಟೆಲ್ಲ ಹೇಳ್ತೀರಾ ಅಂತ. ನಕ್ಕರು. "ಹೊರಗಿನೋರಿಗೆ ಹೇಳ್ತೀವ್ರಿ, ಅವ್ರು ಪುಸ್ತಕ ಓದ್ಕೊಂಡು ಬಂದಿರ್ತಾರ, ಕೇಳ್ತಾರ. ನಮ್ಮೋರು ಎರಡು ಮಾತಿಗೇ 'ಗೊತ್ತು ಗೊತ್ತು' ಅಂತಾರ. ಆಮ್ಯಾಲೆ ಸಪ್ತಸ್ವರದ ಕಂಬ ಎಲ್ಲೈತಿ ಅಂತ ಕೇಳ್ತಾರ." ನನ್ನ ತಮ್ಮ ಅಷ್ಟು ಹೊತ್ತಿಗೆ ಎರಡು ಸಲ ಅದನ್ನೇ ಕೇಳಿದ್ದ, ಪಾಪ.

ಇಲ್ಲಿ ಗೈಡುಗಳ ಬಗ್ಗೆಯೂ ನನಗೊಂದು ತಕರಾರಿದೆ. ಬಹಳ ಜನ ಒಂದೇ ಕ್ಯಾಸೆಟ್ ಹಾಕುತ್ತಾರೆ. ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು, ಕಂಬ ತಟ್ಟಿದರೆ ಸಂಗೀತ, ಬ್ರಿಟಿಷರು ಎರಡು ಕಂಬ ಕೊಯ್ದು ನೋಡಿದರು, ಮುಗೀತು. ಕೇಳುವವರಿಗೆ ಅಷ್ಟೇ ಬೇಕು ಅಂದಾಗ ಹೇಳುವವರು ತಾನೇ ಯಾಕೆ ಗಂಟಲು ಹರಿದುಕೊಳ್ಳಬೇಕು? ನಮ್ಮ ಗೈಡ್ ಆ ಕಂಬ ಕೊಯ್ದ ಕತೆಗೆ "ಎಲ್ಲಾರೂ ಹೇಳ್ತಾರ್ರೀ, ನಾನೂ ಮೊದ್ಲು ಹೇಳ್ತಿದ್ದೆ" ಅಂತ ಹೇಳಿ ಸುಮ್ಮನಾದರು. ಅಲ್ಲೇ ಅವರ ಮೇಲೆ ನಂಬಿಕೆ ಬಂತು.

ದೇವಸ್ಥಾನದಿಂದ ಎದುರು ಬಸವಣ್ಣನ ತನಕ ಬಜಾರದ ಬೀದಿ. ಎರಡೂ ಕಡೆ ಸಾಲುಮಂಟಪ. ಚಿಕ್ಕವಳಿದ್ದಾಗ ನಾನು ನೋಡಿದ್ದು ಈ ಮಂಟಪಗಳ ಒಳಗೆ ಅಂಗಡಿ, ಹೋಟೆಲ್, ಮನೆ, ಒಣಗಿ ಹಾಕಿದ ಬಟ್ಟೆ. 2011ರಲ್ಲಿ ಎಲ್ಲ ತೆರವು ಮಾಡಿದರು. ಗೈಡ್ ಒಂದು ಕಡೆ ನಿಂತು ಎರಡು ಕಂಬದ ನಡುವೆ ಕೈ ತೋರಿಸಿದರು. "ಇಲ್ಲಿ ನಮ್ಮ ಮಾವನ ಚಾದಂಗಡಿ ಇತ್ರಿ. ಬೆಳಗಾಗೋದ್ರೊಳಗ ಜೆಸಿಬಿ ಬಂತು." ಇತಿಹಾಸದ ಕಲ್ಲು ಉಳಿಯಬೇಕು ನಿಜ, ಕಂಬಕ್ಕೆ ಮೊಳೆ ಹೊಡೆದು ಶಟರ್ ಹಾಕಿದ್ದನ್ನು ನಾನೂ ನೋಡಿದ್ದೇನೆ. ಆದರೆ ಐನೂರು ವರ್ಷದ ಹಿಂದಿನ ಬಜಾರನ್ನು ಉಳಿಸೋದಕ್ಕೆ ಇವತ್ತಿನ ಬಜಾರನ್ನು ಒಂದೇ ದಿನದಲ್ಲಿ ಎತ್ತಿ ಎಸೆದಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಈಗ ಆ ಬೀದಿ ತುಂಬಾ ಚೊಕ್ಕವಾಗಿದೆ. ಬಜಾರದ ಹಾಗೆ ಮಾತ್ರ ಇಲ್ಲ.

ಅಲ್ಲಿಂದ ನದಿ ದಂಡೆ ಹಿಡಿದು ವಿಠ್ಠಲ ದೇವಸ್ಥಾನಕ್ಕೆ ಎರಡು ಕಿಲೋಮೀಟರ್ ಚಿಲ್ಲರೆ. ಈ ದಾರಿಯನ್ನು ನಡೆಯದವರು ಹಂಪಿಗೆ ಹೋಗಿದ್ದೆ ಅನ್ನಬಾರದು, ನನ್ನನ್ನೂ ಸೇರಿಸಿ ಹೇಳ್ತಿದೀನಿ. ಚಕ್ರತೀರ್ಥ, ಕೋದಂಡರಾಮನ ಗುಡಿ, ಹರಿಗೋಲಿನವರ ಕೂಗು. ಸ್ವಲ್ಪ ಮೇಲೆ ವ್ಯಾಸರಾಯರು ಪ್ರತಿಷ್ಠೆ ಮಾಡಿದ ಯಂತ್ರೋದ್ಧಾರಕ ಆಂಜನೇಯ. ಮುಂದೆ ಬಲಕ್ಕೆ ತಿರುಗಿದರೆ ಅಚ್ಯುತರಾಯನ ಕಾಲದ ಗುಡಿ, 1534ರದ್ದು, ಅದರ ಮುಂದೆ ಇನ್ನೊಂದು ಬಜಾರ. ಜನರ ಬಾಯಲ್ಲಿ ಅದು ಸೂಳೆ ಬಜಾರ. ಹೆಸರು ಹೇಳುವಾಗ ಗೈಡ್ ಮಗಳ ಕಡೆ ನೋಡಿ ಮುಜುಗರಪಟ್ಟರು, ಅವಳು ಆರಾಮಾಗಿ "ದೇವಸ್ಥಾನದಲ್ಲಿ ಡ್ಯಾನ್ಸ್ ಮಾಡ್ತಿದ್ದವರಾ?" ಅಂತ ಕೇಳಿದಳು. ಆ ಬೀದಿಯಲ್ಲಿ ನಾವು ನಾಲ್ಕೇ ಜನ. ಕುರಿಗಳು ಮಂಟಪದ ನೆರಳಲ್ಲಿ ಮಲಗಿದ್ದವು.

ದಾರಿಯುದ್ದಕ್ಕೂ ಬಂಡೆಗಳ ಮೇಲೆ ಸಾಲಾಗಿ ತೂತು. ಹೊಲಿಗೆ ಹಾಕಿದ ಹಾಗೆ ಕಾಣುತ್ತೆ. ಕಲ್ಲು ಸೀಳೋದಕ್ಕೆ ಉಳಿಯಲ್ಲಿ ಹೊಡೆದ ಗುರುತು. ಕೆಲವು ಬಂಡೆಗಳು ಅರ್ಧ ಸೀಳಿ ಹಾಗೇ ನಿಂತಿವೆ. ಮಗಳು ಅಲ್ಲಿ ಬೆರಳಿಟ್ಟು ಎಣಿಸುತ್ತಾ ಕೂತಳು. ಕೆಲಸದವನು ಮಧ್ಯಾಹ್ನದ ಊಟಕ್ಕೆ ಎದ್ದು ಹೋದವನು ಇನ್ನೂ ಬಂದಿಲ್ಲವೇನೋ ಅನ್ನಿಸುತ್ತೆ. ನನಗೆ ಅರಮನೆಯ ಕಟ್ಟೆ ನೋಡಿ ಆಗದ್ದು ಈ ತೂತು ನೋಡಿ ಆಯಿತು, ಇಲ್ಲಿ ಜನ ಇದ್ದರು ಅಂತ ಮೊದಲ ಸಲ ಅನ್ನಿಸಿತು.

ವಿಠ್ಠಲ ದೇವಸ್ಥಾನದಲ್ಲಿ ತಮ್ಮ ಐವತ್ತರ ನೋಟು ಹಿಡಿದು ರಥದ ಜೊತೆ ಫೋಟೋ ತೆಗೆಸಿಕೊಂಡ. ಎಲ್ಲರೂ ಮಾಡೋದೇ. ಗೈಡ್ ಮಾತ್ರ ಕೈಚೀಲದಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಹಳೇ ಫೋಟೋ ತೆಗೆದರು. ಗ್ರೀನ್‌ಲಾ ಅನ್ನುವ ಇಂಗ್ಲಿಷಿನವನು 1856ರಲ್ಲಿ ತೆಗೆದದ್ದು. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಇಲ್ಲ. ರಥದ ಮುಂದಿನ ಆನೆಗಳೂ ಮೊದಲಿನವಲ್ಲ, ಹಿಂದೆ ಇದ್ದದ್ದು ಕುದುರೆ. ಆನೆಯ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಇವತ್ತಿಗೂ ಇದೆ. ಮೂರು ಜನರೂ ಬಗ್ಗಿ ನೋಡಿದೆವು. ಪಕ್ಕದಲ್ಲಿ ಇನ್ನೊಂದು ಕುಟುಂಬ, ಏನೋ ಬಿದ್ದಿದೆ ಅಂದುಕೊಂಡು ಅವರೂ ಬಗ್ಗಿದರು.

ಕುದುರೆ ಅಂದರೆ ನೆನಪಾಯಿತು. ದೇವಸ್ಥಾನದ ಎದುರಿನ ಬಜಾರದ ಬೀದಿ ದೊಡ್ಡದು, ಮುಂದೆ ಕುದುರೆಗೊಂಬೆ ಮಂಟಪ ಇದೆ, ಕಂಬಗಳಲ್ಲಿ ಕುದುರೆ ಸವಾರರು. ಪಾರ್ಕಿಂಗಿನಿಂದ ಬ್ಯಾಟರಿ ಗಾಡಿಯಲ್ಲಿ ಬರುವವರು ಇದನ್ನು ರೊಯ್ಯನೆ ದಾಟುತ್ತಾರೆ, ನಾನೂ ಹಾಗೇ ದಾಟಿದ್ದವಳು. ನೂನಿಜ್ ಅನ್ನುವ ಪೋರ್ಚುಗೀಸಿನವನು ಇಲ್ಲಿನ ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಬರೆದಿದ್ದಾನೆ. ಸಮುದ್ರ ದಾಟಿ, ಘಟ್ಟ ಹತ್ತಿ ಬರಬೇಕು ಆ ಕುದುರೆ. ಅವುಗಳಿಗೆ ಮೇವು, ನೀರು, ಲಾಳ, ನೋಡಿಕೊಳ್ಳುವವರು, ದಲ್ಲಾಳಿಗಳು. ಆ ಬೀದಿಯಲ್ಲಿ ಬಿಸಿಲಲ್ಲಿ ನಡೆದಾಗ ಆ ಲೆಕ್ಕ ತಲೆಗೆ ಹೋಗುತ್ತೆ, ಗಾಡಿಯಲ್ಲಿ ಹೋಗಲ್ಲ.

ಎರಡನೇ ದಿನ ಹೇಮಕೂಟದಿಂದ ಶುರು. ಮೇಲೆ ನಿಂತು ನೋಡಿದರೆ ಗುಡ್ಡ, ಬಂಡೆ, ನಡುವೆ ಹಸಿರು. ಪಾಯೆಸ್ ಅನ್ನುವ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಸುಮಾರು 1520ರಲ್ಲಿ ಬಂದವನು. ಗುಡ್ಡ ಹತ್ತಿ ನೋಡಿದರೂ ಊರು ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್‌ನಷ್ಟು ದೊಡ್ಡದಿತ್ತು ಅಂದಿದ್ದಾನೆ. ಕೆಳಗೆ ಇಳಿದರೆ ಕೃಷ್ಣನ ಗುಡಿ, ಉದಯಗಿರಿ ಕೋಟೆ ಗೆದ್ದ ಮೇಲೆ ಕೃಷ್ಣದೇವರಾಯ 1513ರಲ್ಲಿ ಕಟ್ಟಿಸಿದ್ದು. ಆಮೇಲೆ ಉಗ್ರನರಸಿಂಹ, 1528ರದ್ದು, ಒಂದೇ ಬಂಡೆ, ಆರೂವರೆ ಮೀಟರಿಗಿಂತ ಎತ್ತರ. ಉಗ್ರ ಅಂತ ನಾವು ಕರೆಯೋದು. ಮೊದಲು ತೊಡೆಯ ಮೇಲೆ ಲಕ್ಷ್ಮಿ ಇದ್ದಳು, ಒಡೆದು ಹೋಗಿದೆ. ಪಕ್ಕದ ಬಡವಿಲಿಂಗ ನೀರಲ್ಲಿ ನಿಂತಿದೆ. ಆ ನೀರು ಎಲ್ಲಿಂದ ಬರುತ್ತೆ ಅಂತ ನಾನು ಒಂದು ದಿನವೂ ಯೋಚಿಸಿದವಳಲ್ಲ. ಅದಕ್ಕೆ ಕಾಲುವೆಯ ನೀರು.

ಎರಡು ದಿನದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಕಾಲುವೆಯೇ. ತುರ್ತು ಕಾಲುವೆ. ತುಂಗಭದ್ರೆಯಿಂದ ತಿರುಗಿಸಿದ ನೀರು ಗುಡ್ಡಗಳ ನಡುವೆ ಹರಿದು ಗದ್ದೆಗೆ, ಬಾಳೆತೋಟಕ್ಕೆ ಇವತ್ತಿಗೂ ಹೋಗುತ್ತೆ. 1565ರ ಯುದ್ಧ ಸೋತ ಮೇಲೆ ಅರಮನೆ ಹೋಯಿತು, ಬಜಾರ ಹೋಯಿತು, ರಾಜಮನೆತನ ಪೆನುಕೊಂಡಕ್ಕೆ ಹೋಯಿತು. ನೀರು ನಿಲ್ಲಲಿಲ್ಲ. ನಾವು ಹೋದಾಗ ಒಬ್ಬ ಅಜ್ಜಿ ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು. ಹಾಳು ಹಂಪೆ, ಹಾಳು ಹಂಪೆ ಅಂತ ನಾವು ರಾಗ ಎಳೆಯುತ್ತೇವಲ್ಲ, ಅವರ ಪಾಲಿಗೆ ಯಾವುದು ಹಾಳು? ಟಿಕೆಟ್ ಕೌಂಟರ್ ಇಲ್ಲದ, ಬೋರ್ಡು ಇಲ್ಲದ ಸ್ಮಾರಕ ಇದು. ಯಾವ ವ್ಯಾನೂ ಇಲ್ಲಿ ನಿಲ್ಲಿಸಲ್ಲ.

ಅರಮನೆಯ ಆವರಣದಲ್ಲಿರುವ ಮೆಟ್ಟಿಲು ಕೊಳ ನೀವೆಲ್ಲ ಫೋಟೋದಲ್ಲಿ ನೋಡಿರ್ತೀರಿ. 1980ರ ದಶಕದಲ್ಲಿ ಅಗೆದು ತೆಗೆದದ್ದು, ಅದಕ್ಕೇ ಅಷ್ಟು ಚೂಪಾಗಿ ಉಳಿದಿದೆ. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಸಾಲು ಕಂಬಗಳ ಮೇಲೆ ಹಾಗೇ ನಿಂತಿದೆ. ಕಲ್ಲುಗಳನ್ನು ಬೇರೆ ಕಡೆ ಕೆತ್ತಿ ತಂದು ಇಲ್ಲಿ ಜೋಡಿಸಿದ್ದಾರೆ, ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಅಂತ ಕಲ್ಲಿನ ಮೇಲೇ ಗುರುತು ಹಾಕಿದ್ದಾರೆ, ಕನ್ನಡ ಅಕ್ಷರದಲ್ಲಿ. ಕೆಳಗೆ ಇಳಿಯಲು ಬಿಡುವುದಿಲ್ಲ, ಮೇಲಿನಿಂದ ಕಾಣುವುದಿಲ್ಲ. ಗೈಡ್ ಫೋನಿನಲ್ಲಿದ್ದ ಹತ್ತಿರದ ಫೋಟೋ ತೋರಿಸಿದರು. ಮಗಳು ಫೋಟೋ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಹಿಡಿಯಲು ನೋಡಿದಳು. ಕನ್ನಡ ಪರೀಕ್ಷೆಗೆ ಅಂತ ಕೂರಿಸಿದರೆ ಹತ್ತು ನಿಮಿಷ ಕೂರದವಳು ಆ ಬಿಸಿಲಲ್ಲಿ ಅರ್ಧ ಗಂಟೆ ಕೂತಿದ್ದಳು. "ತಂಗೀ, ಅದು ಮೇಸ್ತ್ರಿ ಕೆಲಸದೋರಿಗೆ ಬರೆದ ಚೀಟಿ" ಅಂದರು ಅವರು. ರಾಜರ ಶಾಸನಕ್ಕಿಂತ ಆ ಚೀಟಿ ನನಗೆ ದೊಡ್ಡದು ಅನ್ನಿಸಿತು. ಕೆಲಸಗಾರರು ಓದುತ್ತಿದ್ದರು ಅಂತ ತಾನೇ ಅರ್ಥ?

ಗಜಶಾಲೆಯ ಹಿಂದೆ ಒಂದು ಗುಡಿ ಇದೆ, 2019ರಲ್ಲಿ ಹುಡುಗರು ಕಂಬ ತಳ್ಳಿ ಬೀಳಿಸಿದ ವಿಡಿಯೋ ನೆನಪಿದೆಯಾ, ಅಲ್ಲೇ. ಕೋರ್ಟು ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು, ತಲೆಗೆ 70,000 ದಂಡ ಬೇರೆ. ಆ ವಿಡಿಯೋ ನೋಡಿ ನಾವೆಲ್ಲ ಎಷ್ಟು ಉರಿದುಬಿದ್ದೆವು. ಕಂಬ ಬಿದ್ದರೆ ಸಿಟ್ಟು ಬರುತ್ತೆ, ನಿಂತಿದ್ದಾಗ ಹತ್ತಿರ ಹೋಗಿ ನೋಡಿದವರು ಎಷ್ಟು ಜನ?

ದುಡ್ಡಿನ ವಿಷಯ ಬರುತ್ತೆ, ಬರಲಿ. ಗೈಡ್ ದುಬಾರಿ ಅಂತ ಚೌಕಾಸಿ ಮಾಡಿದ ತಮ್ಮನೇ ಹೊಸಪೇಟೆಯಲ್ಲಿ ಎರಡು ರಾತ್ರಿಯ ಊಟಕ್ಕೆ ಅದಕ್ಕಿಂತ ಜಾಸ್ತಿ ಸುರಿದ. ಬಿಲ್ ನನ್ನ ಹತ್ತಿರ ಇದೆ. ಹೋಗುವವರು ನವೆಂಬರ್‌ನಿಂದ ಜನವರಿ ಒಳಗೆ ಹೋಗಿ, ಬೇಸಿಗೆಯಲ್ಲಿ ಆ ಬಂಡೆಗಳ ಮೇಲೆ ರೊಟ್ಟಿ ಸುಡಬಹುದು. ಗೈಡ್ ಹತ್ತಿರ ಮೊದಲೇ ಹೇಳಿ, ನಮಗೆ ಕನ್ನಡದಲ್ಲಿ ಪೂರ್ತಿ ಹೇಳಿ, ಅವಸರ ಇಲ್ಲ ಅಂತ. ಹೇಳಿದ ಮೇಲೆ ನಿಜವಾಗಲೂ ಅವಸರ ಮಾಡಬೇಡಿ.

ಮುಂದಿನ ತಿಂಗಳು ಮತ್ತೆ ಹೋಗ್ತಿದೀವಿ. ನಾನು ಹೇಳಿದ್ದನ್ನೆಲ್ಲ ಕೇಳಿ ಅತ್ತೆಯೂ ಬರ್ತೀನಿ ಅಂದಿದ್ದಾರೆ. ಅವರಿಗೆ ಮಂಡಿ ನೋವು, ನದಿ ದಂಡೆಯ ದಾರಿ ಆಗೋದಿಲ್ಲ. ಹಾಗಾಗಿ ಇಷ್ಟುದ್ದ ಬೈದ ಅದೇ ಬ್ಯಾಟರಿ ಗಾಡಿಯಲ್ಲಿ ಕೂರಬೇಕು. ಕುದುರೆಗೊಂಬೆ ಮಂಟಪದ ಹತ್ತಿರ ಎರಡು ನಿಮಿಷ ನಿಲ್ಲಿಸಿ ಅಂತ ಕೇಳಿ ನೋಡ್ತೀನಿ.